ಕಣ್ಣು ಪಳಗಲಿ, ಆಮೇಲೆ ಮುಂಗಡ

ಮಗಳೇ,

ರಾಮ್ ಕುಮಾರ್ ಅವರ ಕಾಶಿಯ ಚಿತ್ರವೊಂದು ಮಾರಾಟಕ್ಕೆ ಬಂದಿದೆ, ತೆಗೆದುಕೊಳ್ಳಬಹುದೇ ದೊಡ್ಡಪ್ಪ ಎಂದು ಕೇಳಿದ್ದೀಯ. ಮಧ್ಯವರ್ತಿ ಕಳಿಸಿದ ಫೋಟೊ ನೋಡಿದೆ. ಅದರ ಕೆಳಗಿನ ಸಾಲನ್ನೂ ಓದಿದೆ: ‘ವಾರಾಣಸಿ, ಕ್ಯಾನ್ವಾಸಿನ ಮೇಲೆ ತೈಲವರ್ಣ, ದೆಹಲಿಯ ಹಳೆಯ ಕುಟುಂಬವೊಂದರ ಸಂಗ್ರಹ.’ ಈ ವಾರದೊಳಗೆ ಮುಂಗಡ ಬರದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಆತ ಅವಸರ ಮಾಡುತ್ತಿದ್ದಾನಂತೆ. ಕೊಟ್ಟರೆ ಕೊಡಲಿ ಬಿಡು. ಅಷ್ಟು ವರ್ಷ ಯಾರದೋ ಗೋಡೆಯ ಮೇಲೆ ಸುಮ್ಮನಿದ್ದ ಚಿತ್ರಕ್ಕೆ ಇನ್ನೆರಡು ತಿಂಗಳು ಕಾಯಲು ಏನೂ ಕಷ್ಟವಿಲ್ಲ. ಅವಸರವಿರುವುದು ಮಾರುವವನಿಗೆ.

ಕೊಳ್ಳಬೇಡ ಎಂದು ಹೇಳಲು ನಾನು ಬರೆಯುತ್ತಿಲ್ಲ. ಇಬ್ಬರೂ ದುಡಿಯುತ್ತೀರಿ, ಮನೆಸಾಲ ತೀರಿಸಿದ್ದೀರಿ. ಕಾರು ಬದಲಿಸುವ ಬದಲು ಒಂದು ಒಳ್ಳೆಯ ಚಿತ್ರ ಮನೆಗೆ ಬರಲಿ ಎಂದು ನಿನಗೂ ಅಳಿಯಂದಿರಿಗೂ ಅನ್ನಿಸಿತಲ್ಲ, ಬದುಕೆಲ್ಲ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಇಲ್ಲ. ಆ ಸಂತೋಷ ಕೆಡಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಆ ಕಲಾವಿದರ ಅಸಲಿ ಚಿತ್ರಗಳ ಎದುರು ಹೋಗಿ ನಿಂತು ಮೊದಲು ನಿನ್ನ ಕಣ್ಣು ಪಳಗಬೇಕು. ಸರ್ಟಿಫಿಕೇಟು, ಬೆಲೆ, ಹರಾಜಿನ ಲೆಕ್ಕ ಎಲ್ಲವೂ ಅದಾದ ಮೇಲೆ. ಕಣ್ಣು ಪಳಗದವರಿಗೆ ಎಂಥ ಕಾಗದ ತೋರಿಸಿದರೂ ಅದು ಬರೀ ಕಾಗದವೇ.

ರಾಮ್ ಕುಮಾರ್ ಯಾರು ಎಂಬುದನ್ನು ಮಧ್ಯವರ್ತಿ ನಿನಗೆ ‘ಪ್ರೋಗ್ರೆಸಿವ್ ಗುಂಪಿನ ದೊಡ್ಡ ಹೆಸರು’ ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದಾನೆ. ಅಷ್ಟು ಸಾಲದು. 1924ರಲ್ಲಿ ಶಿಮ್ಲಾದಲ್ಲಿ ಹುಟ್ಟಿದವರು, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವರು. ಓದುತ್ತಿದ್ದಾಗಲೇ ಶಾರದಾ ಉಕಿಲ್ ಕಲಾಶಾಲೆಯ ಸಂಜೆ ತರಗತಿಗಳಿಗೆ ಹೋಗಿ ಸೈಲೋಜ್ ಮುಖರ್ಜಿಯವರ ಕೈಕೆಳಗೆ ಕಲಿತರು. ಸೈಲೋಜ್ ಬಾಬು ಸ್ವತಃ ಹಳ್ಳಿ, ಮರ, ಬಯಲುಗಳನ್ನು ಹಗುರವಾದ ಕುಂಚದಲ್ಲಿ ಹಾಡಿಸಿದವರು. ಆ ಹೆಸರು ನೆನಪಿರಲಿ, ಮುಂದೆ ಕಾನೂನಿನ ಮಾತು ಬಂದಾಗ ಮತ್ತೆ ಬೇಕಾಗುತ್ತದೆ. ರಾಮ್ ಕುಮಾರ್ ಬ್ಯಾಂಕಿನ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋದರು, ಆಂದ್ರೆ ಲೋತ್, ಫೆರ್ನಾಂ ಲೆಜೆ ಇಬ್ಬರ ಬಳಿಯೂ ಕಲಿತರು. ಹಿಂದಿಯಲ್ಲಿ ಕಥೆ, ಕಾದಂಬರಿ ಬರೆದರು. 1999ರಲ್ಲಿ ಜ್ಞಾನಪೀಠ ಪಡೆದ ನಿರ್ಮಲ್ ವರ್ಮಾ ಇವರ ತಮ್ಮ. ಅಣ್ಣತಮ್ಮಂದಿರಿಬ್ಬರಲ್ಲೂ ಒಂದು ಬಗೆಯ ಮೌನವಿದೆ. ನಿರ್ಮಲ್ ಅವರ ಕಥೆ ಓದಿದವರಿಗೆ ರಾಮ್ ಕುಮಾರರ ಬೂದುಬಣ್ಣ ತಟ್ಟನೆ ಹತ್ತಿರವಾಗುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಅವರು ಶುರುವಿನಿಂದಲೂ ನಿಸರ್ಗಚಿತ್ರ ಬರೆದವರಲ್ಲ. 1950ರ ದಶಕದ ಚಿತ್ರಗಳಲ್ಲಿ ಹೆಚ್ಚಾಗಿ ಮನುಷ್ಯರಿದ್ದಾರೆ. ಪೇಟೆಯ ನಿರುದ್ಯೋಗಿಗಳು, ಸಡಿಲ ಕೋಟು ತೊಟ್ಟು ಕಣ್ಣು ಎಲ್ಲೋ ನೆಟ್ಟು ನಿಂತವರು, ಒಬ್ಬರ ಪಕ್ಕ ಒಬ್ಬರು ನಿಂತರೂ ಒಂಟಿಯಾಗಿಯೇ ಇರುವವರು. 1960ರ ಸುಮಾರಿಗೆ ಎಂ.ಎಫ್. ಹುಸೇನರ ಜೊತೆ ಕಾಶಿಗೆ ಹೋದರು. ಹುಸೇನರಿಗೆ ಕಾಶಿ ಎಂದರೆ ಜನ, ಆಕಾರ, ಗೆರೆಯ ಓಟ. ರಾಮ್ ಕುಮಾರರಿಗೆ ಆಗಿದ್ದು ಅದರ ತಿರುವುಮುರುವು. ಸಾಯಲು ಬಂದವರು, ಕಾಯುತ್ತ ಕೂತವರು, ಹೊಗೆ, ಅಳು ಎಲ್ಲವೂ ತುಂಬಿದ್ದ ಊರನ್ನು ಕಂಡು ಬಂದ ಮೇಲೆ ಅವರ ಚಿತ್ರಗಳಿಂದ ಮನುಷ್ಯರೇ ಹೊರಟುಹೋದರು. ಮನೆಗಳು ಉಳಿದವು. ಒಂದರ ಮೇಲೊಂದು ಹತ್ತಿ ಕೂತ ಮನೆಗಳು, ಕಪ್ಪು ಕಿಟಕಿಗಳು, ನೀರಿನಂಚಿನ ಮೆಟ್ಟಿಲು, ಎಲ್ಲೋ ಒಂದು ಖಾಲಿ ದೋಣಿ. ಅಲ್ಲಿಂದ ಮುಂದೆ ಮನೆಗಳೂ ಕರಗಿದವು. 1960ರ ದಶಕ ಮುಗಿಯುವ ಹೊತ್ತಿಗೆ ಬೂದು, ಕಂದು, ಮಣ್ಣುಬಣ್ಣದ ಹಲಗೆಗಳಷ್ಟೇ ಒಂದಕ್ಕೊಂದು ಒರಗಿ ನಿಂತಿವೆ. ಹೆಸರಿಗೆ ಮಾತ್ರ ವಾರಾಣಸಿ, ಅಥವಾ ಬರೀ ‘ಶೀರ್ಷಿಕೆಯಿಲ್ಲ’. ಆಮೇಲಿನ ದಶಕಗಳಲ್ಲಿ ಹಸಿರು, ನೀಲಿ, ಕಾವಿ ಬಂದವು; ಲಡಾಖಿನ ಬೋಳು ಗುಡ್ಡಗಳು ಬಂದವು. 2018ರಲ್ಲಿ ತೀರಿಕೊಳ್ಳುವವರೆಗೆ ಬಹುಮಟ್ಟಿಗೆ ಮನುಷ್ಯಾಕೃತಿಯನ್ನು ಬದಿಗಿಟ್ಟು ನೆಲವನ್ನೇ ಬರೆದರು.

ಇಷ್ಟನ್ನೂ ಏಕೆ ಹೇಳಿದೆ ಎಂದರೆ, ನಿನ್ನ ಮುಂದಿರುವ ಚಿತ್ರ ಈ ದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೀನೇ ಕೇಳಿಕೊಳ್ಳಬೇಕು. ಮಧ್ಯವರ್ತಿ 1962ರ ಚಿತ್ರ ಎನ್ನುತ್ತಾನೆ. ಆದರೆ ಫೋಟೊದಲ್ಲಿರುವ ಹಸಿರು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿದೆ. ಆ ಮೊದಲ ಕಾಶಿ ಚಿತ್ರಗಳಲ್ಲಿ ಬಣ್ಣ ಬಹಳ ಜಿಪುಣ. ಅಷ್ಟು ತಿಳಿಯಾದ ಹಸಿರನ್ನು ನಾನು ಆ ವರ್ಷಗಳ ಚಿತ್ರಗಳಲ್ಲಿ ನೋಡಿದ ನೆನಪಿಲ್ಲ. ಫೋನಿನ ಪರದೆ ಬಣ್ಣವನ್ನು ಕೆಡಿಸಿರಬಹುದು. ಫೋಟೊ ನೋಡಿ ತೀರ್ಪು ಕೊಡಬಾರದು, ನಾನು ಕೊಡುತ್ತಲೂ ಇಲ್ಲ. ಆದರೆ ಈ ಪ್ರಶ್ನೆ ನಿನ್ನ ತಲೆಯಲ್ಲೂ ಏಳಬೇಕು, ಯಾರೂ ಹೇಳಿಕೊಡದೆ ಏಳಬೇಕು.

ಅದಕ್ಕೆ ನೋಡುವುದೊಂದೇ ದಾರಿ. ಬೆಂಗಳೂರಿನಲ್ಲೇ ಇದ್ದೀಯ; ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ ಇದೆ. ಯಾವ ಹೊತ್ತಿಗೆ ಯಾವ ಚಿತ್ರ ಗೋಡೆಗೆ ಬಂದಿರುತ್ತದೆ ಎಂಬುದನ್ನು ಫೋನ್ ಮಾಡಿ ಕೇಳಿ ಹೋಗು. ದೆಹಲಿಗೆ ಹೋದಾಗ ಅಲ್ಲಿನ ನ್ಯಾಷನಲ್ ಗ್ಯಾಲರಿ ಇರುವ ಜೈಪುರ ಹೌಸ್‌ಗೆ ಒಂದು ದಿನ ಪೂರ್ತಿ ಇಡು. ಗಗನ್ ಗಿಲ್ ಸಂಪಾದಿಸಿದ, ರಾಮ್ ಕುಮಾರರ ಮೇಲಿನ ದೊಡ್ಡ ಪುಸ್ತಕ 1996ರಲ್ಲಿ ಬಂದಿದೆ. ಲೈಬ್ರರಿಯಲ್ಲಿ ಸಿಕ್ಕರೆ ದಶಕದಿಂದ ದಶಕಕ್ಕೆ ಪುಟ ತಿರುಗಿಸು. ಹರಾಜು ಸಂಸ್ಥೆಗಳು ಹರಾಜಿಗೆ ಮುಂಚೆ ಚಿತ್ರಗಳನ್ನು ಪ್ರದರ್ಶನಕ್ಕಿಡುತ್ತವೆ. ಕೊಳ್ಳುವವರಿಗಷ್ಟೇ ಅಲ್ಲ, ಯಾರು ಬೇಕಾದರೂ ಹೋಗಬಹುದು, ಕಾಸು ಕೇಳುವುದಿಲ್ಲ. ಮ್ಯೂಸಿಯಂನಲ್ಲಿ ಹಗ್ಗದಾಚೆ ನಿಂತು ನೋಡಬೇಕಾದದ್ದನ್ನು ಅಲ್ಲಿ ಒಂದು ಗೇಣು ದೂರದಿಂದ ನೋಡಬಹುದು, ಕೇಳಿದರೆ ಹಿಂಬದಿಯನ್ನೂ ತಿರುಗಿಸಿ ತೋರಿಸುತ್ತಾರೆ. ನಾಚಿಕೊಳ್ಳದೆ ಕೇಳು.

ಏನು ನೋಡಬೇಕು? ಒಂದು ಗೇಣು ದೂರ ನಿಂತಾಗ ಮನೆಗಳನ್ನು ಮರೆತು ಅಂಚುಗಳನ್ನು ನೋಡು. ರಾಮ್ ಕುಮಾರ್ ಕುಂಚದಷ್ಟೇ ಪ್ಯಾಲೆಟ್ ನೈಫನ್ನೂ ಬಳಸಿದವರು. ಆ ತಗಡಿನಂಥ ಚಾಕುವಿನಿಂದ ಬಣ್ಣವನ್ನು ಎಳೆದು ನಿಲ್ಲಿಸಿದ ಕಡೆ ತೆಳುವಾದ ಒಂದು ಏಣು ಉಳಿಯುತ್ತದೆ. ಅದರ ಪಕ್ಕದಲ್ಲಿ ಬಣ್ಣ ತೆಳ್ಳಗಾಗಿ ಕೆಳಗಿನ ಪದರ ಇಣುಕುತ್ತದೆ: ಬೂದಿಯ ಅಡಿಯಿಂದ ಕಂದು, ಬಿಳಿಯ ಅಡಿಯಿಂದ ಮಸಿ. ಅವರು ಒಂದು ಆಕಾರದ ಮೇಲೆ ಇನ್ನೊಂದನ್ನು ಇಟ್ಟು, ಸರಿಬರದೆ ಕೆರೆದು, ಮತ್ತೆ ಇಟ್ಟ ಜಾಡು ಅಲ್ಲಿರುತ್ತದೆ. ನಕಲು ಮಾಡುವವನು ಮುಗಿದ ಚಿತ್ರವನ್ನು ನೋಡಿಕೊಂಡು ಬರೆಯುತ್ತಾನೆ. ಅವನಿಗೆ ಆಕಾರ ಎಲ್ಲಿದೆ ಎಂದು ಮೊದಲೇ ಗೊತ್ತು, ಹುಡುಕುವ ಕೆಲಸವಿಲ್ಲ. ಹಾಗಾಗಿ ಅವನ ಅಂಚುಗಳು ಒಂದಕ್ಕೊಂದು ಮುಟ್ಟಿ ನಿಲ್ಲುತ್ತವೆ, ಕೆಳಗೆ ಏನೂ ಇರುವುದಿಲ್ಲ. ಇನ್ನೊಂದು ಸಂಗತಿ: ಅಸಲಿ ಚಿತ್ರದಲ್ಲಿ ಎಲ್ಲ ಮನೆಗೂ ಒಂದೇ ತೂಕವಿರುವುದಿಲ್ಲ. ಎಡಗಡೆ ಇಡೀ ಗುಂಪು ಒತ್ತರಿಸಿ ಕೂತಿದ್ದರೆ ಬಲಗಡೆ ಒಂದಿಷ್ಟು ಜಾಗ ಸುಮ್ಮನೆ ಖಾಲಿ ಬಿದ್ದಿರುತ್ತದೆ, ಆ ಖಾಲಿಯೇ ನದಿ. ನಕಲುಗಾರನಿಗೆ ಖಾಲಿ ಜಾಗವೆಂದರೆ ಭಯ. ಅಲ್ಲೊಂದು ದೋಣಿ, ಇಲ್ಲೊಂದು ಛತ್ರಿ ಇಟ್ಟು ತುಂಬಿಬಿಡುತ್ತಾನೆ. ಕಾಶಿ ಎಂದು ಗುರುತು ಸಿಗಲಿ ಎಂಬ ಆಸೆ ಅವನಿಗೆ. ರಾಮ್ ಕುಮಾರರಿಗೆ ಆ ಆಸೆ ಇರಲಿಲ್ಲ.

ಅಸಲಿಯಾದ ಹತ್ತಾರು ಚಿತ್ರಗಳ ಎದುರು ಹೊತ್ತು ಕಳೆದ ಮೇಲೆ ಆ ಮಧ್ಯವರ್ತಿಯ ಚಿತ್ರವನ್ನು ಫೋಟೊದಲ್ಲಲ್ಲ, ಎದುರಿಗೆ ನಿಂತು ನೋಡು. ನಿನಗೇ ಗೊತ್ತಾಗುವ ವಿಷಯಗಳು ನಿನಗೇ ಆಶ್ಚರ್ಯ ಹುಟ್ಟಿಸುತ್ತವೆ. ನನ್ನ ವಿದ್ಯಾರ್ಥಿಗಳಲ್ಲಿ ಚಿತ್ರ ಬರೆಯಲು ಕೈಬಾರದ ಎಷ್ಟೋ ಮಕ್ಕಳು ನೋಡುವುದರಲ್ಲಿ ಬಹಳ ಚುರುಕಾಗಿದ್ದರು. ನೋಡುವುದು ಕಲಿತರೆ ಬರುವ ವಿದ್ಯೆ, ಹುಟ್ಟಿನಿಂದ ಬರುವ ವರವಲ್ಲ.

ಈಗ ಹಿಂಬದಿ. ಮಧ್ಯವರ್ತಿ ಮುಂಬದಿಯ ಫೋಟೊ ಒಂದನ್ನೇ ಕಳಿಸಿದ್ದಾನೆ, ಇದು ನನಗೆ ಹಿಡಿಸಲಿಲ್ಲ. ರಾಮ್ ಕುಮಾರರ ಬಹಳಷ್ಟು ಕ್ಯಾನ್ವಾಸುಗಳಲ್ಲಿ ಸಹಿ, ಇಸವಿ ಇರುವುದು ಹಿಂದುಗಡೆಯೇ. ಬಟ್ಟೆಯ ಬೆನ್ನನ್ನು ನೋಡದೆ ಅವರ ಚಿತ್ರ ನೋಡಿದಂತಾಗುವುದಿಲ್ಲ. ನಾಲ್ಕು ಮೂಲೆಗಳ, ಅಡ್ಡಪಟ್ಟಿಯ, ಸಹಿಯ, ಅಂಟಿಸಿದ ಚೀಟಿಗಳ ಸ್ಪಷ್ಟ ಫೋಟೊಗಳನ್ನು ಕೇಳು, ಹಗಲುಬೆಳಕಿನಲ್ಲಿ ತೆಗೆದವು. ಅರವತ್ತು ವರ್ಷದ ಬಟ್ಟೆ ಒಂದೇ ಸಮ ಕಂದಾಗಿರುತ್ತದೆ. ಮರದ ಪಟ್ಟಿ ಬಟ್ಟೆಗೆ ಒರಗಿದ ಕಡೆ ಮಾತ್ರ ಗಾಳಿ, ಧೂಳು ತಾಗದೆ ಬಣ್ಣ ತಿಳಿಯಾಗಿ ಉಳಿದಿರುತ್ತದೆ, ಪಟ್ಟಿಯ ಅಗಲಕ್ಕೆ ಸರಿಯಾಗಿ. ಹೊಸ ಬಟ್ಟೆಗೆ ಟೀ ನೀರೋ ಡಿಕಾಕ್ಷನ್ನೋ ಬಳಿದು ಹಳತು ಮಾಡಿದ್ದರೆ ಕಂದು ಬಣ್ಣ ಪಟ್ಟಿಯ ಕೆಳಗೂ ಹರಿದಿರುತ್ತದೆ, ಅಂಚಿನಲ್ಲಿ ನೀರು ಒಣಗಿದ ಗೆರೆ ನಿಂತಿರುತ್ತದೆ. ಮೊಳೆಗಳನ್ನು ನೋಡು. ಹಳೆಯ ಚಿತ್ರಕ್ಕೆ ಸಣ್ಣ ಕಬ್ಬಿಣದ ಮೊಳೆ ಹೊಡೆದಿರುತ್ತಾರೆ, ಅದರ ತುಕ್ಕು ಬಟ್ಟೆಗೂ ಇಳಿದಿರುತ್ತದೆ. ಹೊಳೆಯುವ ಸ್ಟೇಪಲ್ ಪಿನ್ ಇದ್ದ ಮಾತ್ರಕ್ಕೆ ನಕಲು ಎನ್ನಲಾಗದು. ಎಷ್ಟೋ ಅಸಲಿ ಚಿತ್ರಗಳಿಗೆ ಆಮೇಲೆ ಹೊಸ ಮರದ ಕಟ್ಟು ಹಾಕಿಸಿರುತ್ತಾರೆ. ಆದರೆ ಯಾವಾಗ, ಯಾರು, ಏಕೆ ಹಾಕಿಸಿದರು ಎಂಬುದಕ್ಕೆ ಉತ್ತರ ಇರಬೇಕು.

ಉತ್ತರದ ಮಾತು ಬಂತಲ್ಲ. ಸೈಟು ಕೊಳ್ಳುವಾಗ ನಿಮ್ಮಪ್ಪ ಮೂಲಪತ್ರ, ಇ.ಸಿ., ಖಾತೆ ಒಂದೂ ಬಿಡದೆ ತೆಗೆಸಿ, ಎಲ್ಲಿಯಾದರೂ ಒಂದು ಕೊಂಡಿ ತಪ್ಪಿದೆಯೇ ಎಂದು ವಕೀಲರಿಂದ ಓದಿಸಿದ್ದು ನಿನಗೆ ನೆನಪಿರಬೇಕು. ಚಿತ್ರಕ್ಕೂ ಅಂಥದೇ ಒಂದು ಸರಪಳಿ ಇರುತ್ತದೆ. ಕಲಾವಿದರಿಂದ ಮೊದಲು ಕೊಂಡವರು ಯಾರು, ಯಾವ ಗ್ಯಾಲರಿಯ ಬಿಲ್ಲು, ಯಾವ ಪ್ರದರ್ಶನದಲ್ಲಿತ್ತು, ಅದರ ಕ್ಯಾಟಲಾಗಿನಲ್ಲಿ ಅಚ್ಚಾಗಿದೆಯೇ, ಅಲ್ಲಿಂದ ಯಾರ ಕೈಗೆ ಬಂತು. ‘ಹಳೆಯ ಕುಟುಂಬದ ಸಂಗ್ರಹ’ ಎಂಬ ಒಂದೇ ಮಾತು ಸರಪಳಿಯಾಗುವುದಿಲ್ಲ. ಕುಟುಂಬದ ಹೆಸರನ್ನು ಬಹಿರಂಗ ಮಾಡಲು ಇಷ್ಟವಿಲ್ಲದಿರಬಹುದು, ಅದು ಅವರ ಹಕ್ಕು. ಆದರೆ ಕೊಳ್ಳುವವಳಾದ ನಿನಗೆ ಖಾಸಗಿಯಾಗಿ ಕಾಗದ ತೋರಿಸಲೇಬೇಕು. ಆ ಮನೆಯ ಗೋಡೆಯ ಮೇಲೆ ಈ ಚಿತ್ರ ಕಾಣುವ ಹಳೆಯ ಫೋಟೊ, ಮದುವೆಯದೋ ಹುಟ್ಟುಹಬ್ಬದ್ದೋ, ಒಂದಾದರೂ ಇದೆಯೇ ಕೇಳು. ಹತ್ತು ಸರ್ಟಿಫಿಕೇಟಿಗಿಂತ ಅಂಥ ಒಂದು ಮಸುಕು ಫೋಟೊಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕದ್ದ ಮಾಲೇ ಎಂದು ನೋಡಲು ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಎಂಬ ಸಂಸ್ಥೆಯಲ್ಲಿ ಶುಲ್ಕ ಕೊಟ್ಟು ವಿಚಾರಿಸಬಹುದು.

ಇಷ್ಟೆಲ್ಲ ಅನುಮಾನ ಬೇಕೇ ದೊಡ್ಡಪ್ಪ ಎನ್ನುತ್ತೀಯ. ಬೇಕು. 2009ರ ಜನವರಿಯಲ್ಲಿ ಎಸ್.ಎಚ್. ರಜಾ ಅವರು, ಆಗ ಅವರಿಗೆ ಎಂಬತ್ತಾರು, ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಬಂದರು. ಗೋಡೆಗಳ ಮೇಲಿದ್ದವುಗಳಲ್ಲಿ ಹೆಚ್ಚಿನವು ತಮ್ಮ ಕೈಯವಲ್ಲ ಎಂದು ಅವರೇ ಕಂಡುಹಿಡಿದು ಹೇಳಬೇಕಾಯಿತು. ಪ್ರದರ್ಶನ ನಿಂತಿತು. 2011ರಲ್ಲಿ ಕೋಲ್ಕತ್ತದ ಕಲಾಶಾಲೆಯೊಂದರಲ್ಲಿ ರವೀಂದ್ರನಾಥ ಟ್ಯಾಗೋರರದೆಂದು ತೂಗುಹಾಕಿದ್ದ ಚಿತ್ರಗಳ ಕಥೆಯೂ ಹೀಗೇ ಆಯಿತು. ರಜಾ ಆಗ ಬದುಕಿದ್ದರು, ಬಂದು ನೋಡಿ ಅಲ್ಲ ಎಂದರು. ರಾಮ್ ಕುಮಾರರನ್ನು ಇನ್ನು ಯಾರೂ ಕೇಳುವಂತಿಲ್ಲ.

ಚೀಟಿ, ಮೊಹರು ನೋಡಿ ಮರುಳಾಗಬೇಡ. ಜರ್ಮನಿಯ ವೊಲ್ಫ್‌ಗಾಂಗ್ ಬೆಲ್ಟ್ರಾಕಿ ಎಂಬಾತ ವರ್ಷಗಟ್ಟಲೆ ಹೆಸರಾಂತ ಆಧುನಿಕ ಕಲಾವಿದರ ಹೆಸರಿನಲ್ಲಿ ಚಿತ್ರ ಬರೆದು ಮಾರಿದ. ಹಿಂಬದಿಗೆ ಹಳೆಯ ಕಲಾವ್ಯಾಪಾರಿಯ ಹೆಸರಿನ ಚೀಟಿಯನ್ನು ತಾನೇ ತಯಾರಿಸಿ ಅಂಟಿಸುತ್ತಿದ್ದ. 1914ರದೆಂದು ಮಾರಿದ ಚಿತ್ರವೊಂದರಲ್ಲಿ ಆ ಕಾಲಕ್ಕೆ ಇನ್ನೂ ಬಳಕೆಗೆ ಬಾರದಿದ್ದ ಟೈಟೇನಿಯಂ ಬಿಳಿ ಸಿಕ್ಕಿಬಿದ್ದು ಅವನ ಬಂಡವಾಳ ಬಯಲಾಯಿತು, 2010ರಲ್ಲಿ ಪೊಲೀಸರು ಹಿಡಿದರು. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸು. 1914ರ ಚಿತ್ರಕ್ಕೆ ಒದಗಿದ ಆ ರಾಸಾಯನಿಕ ಸಾಕ್ಷಿ 1962ರ ಚಿತ್ರಕ್ಕೆ ಅಷ್ಟು ಸುಲಭವಾಗಿ ಒದಗುವುದಿಲ್ಲ. ಆ ಹೊತ್ತಿಗೆ ಟೈಟೇನಿಯಂ ಬಿಳಿ ಎಲ್ಲ ಅಂಗಡಿಗಳಲ್ಲೂ ಇತ್ತು, ಇವತ್ತಿನ ಬಹುಪಾಲು ಬಣ್ಣಗಳು ಆಗಲೇ ಬಂದಿದ್ದವು. ನಮ್ಮ ಆಧುನಿಕರ ಚಿತ್ರಗಳನ್ನು ನಕಲು ಮಾಡುವವರಿಗೆ ಇದೇ ಅನುಕೂಲ. ಆದ್ದರಿಂದಲೇ ಪಳಗಿದ ಕಣ್ಣು ಮತ್ತು ಗಟ್ಟಿಯಾದ ಕಾಗದದ ಸರಪಳಿ, ಇವೆರಡನ್ನು ಇಲ್ಲಿ ಯಾವ ಯಂತ್ರವೂ ಮೀರಲಾರದು ಎಂದು ನಾನು ಹಟ ಹಿಡಿಯುವುದು.

ಯಂತ್ರ ಬೇಡವೇ ಬೇಡ ಎಂದಲ್ಲ. ನೇರಳಾತೀತ ದೀಪ ಹಿಡಿದರೆ ಆಮೇಲೆ ಮೆತ್ತಿದ ಬಣ್ಣ ಕಪ್ಪು ಮಚ್ಚೆಗಳಾಗಿ ಎದ್ದು ಕಾಣುತ್ತದೆ. ಎಣ್ಣೆಬಣ್ಣದ ದಪ್ಪ ಪದರ ಪೂರ್ತಿ ಗಟ್ಟಿಯಾಗಲು ದಶಕಗಳೇ ಬೇಕು; ಸಂರಕ್ಷಣೆಯ ಕೆಲಸ ಬಲ್ಲವರು ಮೂಲೆಯಲ್ಲಿ ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ನೋಡಿ ಬಣ್ಣ ಎಳೆಯದೋ ಬಲಿತದ್ದೋ ಹೇಳಬಲ್ಲರು. ನೀನಾಗಿ ಮಾತ್ರ ಇಂಥ ಪ್ರಯೋಗಕ್ಕೆ ಕೈಹಾಕಬೇಡ. ಬೆಂಗಳೂರಿನಲ್ಲಿ ಪರಂಪರೆ ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್ ಮತ್ತು ಚಿತ್ರಕಲಾ ಪರಿಷತ್ತು ಸೇರಿ ನಡೆಸುವ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯವಿದೆ, ಅಲ್ಲಿಯವರನ್ನು ಕೇಳಬಹುದು. ಚಿತ್ರದ ಸ್ಥಿತಿ ಹೇಗಿದೆ ಎಂಬ ಲಿಖಿತ ವರದಿಯನ್ನಂತೂ ಮಾರುವವನಿಂದ ಕೇಳಲೇಬೇಕು. ಬಿರುಕು, ಬಣ್ಣ ಹೊಪ್ಪಳೆ ಎದ್ದಿರುವುದು, ಬೂಷ್ಟು, ಹಿಂದೆ ಮಾಡಿಸಿದ ರಿಪೇರಿ ಎಲ್ಲ ಅದರಲ್ಲಿ ಬರಬೇಕು.

ಇನ್ನೊಂದು ಮೋಸ ನಕಲಿಗಿಂತ ನಯವಾದದ್ದು. ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿದ ಪ್ರತಿಯನ್ನು ಮೂಲಚಿತ್ರವೆಂಬಂತೆ ತೋರಿಸುವುದು. ಕಲಾವಿದರೇ ಸಹಿ ಮಾಡಿದ ಸೆರಿಗ್ರಾಫುಗಳು, ಅಂದರೆ ರೇಷ್ಮೆಪರದೆಯಿಂದ ಅಚ್ಚು ಹಾಕಿದ ಪ್ರತಿಗಳು, ಇರುತ್ತವೆ; ಅವುಗಳನ್ನು ಸೆರಿಗ್ರಾಫ್ ಎಂದೇ ಹೇಳಿ, ಮೂಲೆಯಲ್ಲಿ ಎಷ್ಟರಲ್ಲಿ ಎಷ್ಟನೆಯದು ಎಂದು ಬರೆದು ಮಾರಿದರೆ ಅದು ನ್ಯಾಯವಾದ ವ್ಯಾಪಾರ. ಭೂತಗನ್ನಡಿ ಇಟ್ಟು ನೋಡಿದರೆ ಇಂಕ್‌ಜೆಟ್ ಅಚ್ಚಿನಲ್ಲಿ ಸಣ್ಣ ಚುಕ್ಕೆಗಳ ಸಿಂಪಡಣೆ ಕಾಣುತ್ತದೆ. ಕೈಯಿಂದ ಹಚ್ಚಿದ ಬಣ್ಣ ಓರೆಬೆಳಕಿನಲ್ಲಿ ಬೆಟ್ಟ ಕಣಿವೆಗಳಾಗಿ ನೆರಳು ಚೆಲ್ಲುತ್ತದೆ. ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬಿಡು, ಸಾಕು.

ಬೆಲೆಯ ಮಾತು. ಆತ ನಿನಗೆ ಇದು ‘ಇನ್ವೆಸ್ಟ್‌ಮೆಂಟ್’ ಎಂದು ಪದೇಪದೇ ಹೇಳಿದ್ದಾನೆ. 2025ರ ಮಾರ್ಚಿನಲ್ಲಿ ಹುಸೇನರ ‘ಗ್ರಾಮ ಯಾತ್ರೆ’ ನ್ಯೂಯಾರ್ಕಿನಲ್ಲಿ 1.37 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋದ ಸುದ್ದಿಯನ್ನೂ ತೋರಿಸಿರಬೇಕು. ಒಬ್ಬ ಕಲಾವಿದನ ಒಂದು ಅಪರೂಪದ ಚಿತ್ರಕ್ಕೆ ಬಂದ ಬೆಲೆಯಿಂದ ಇನ್ನೊಬ್ಬ ಕಲಾವಿದನ ಇನ್ನೊಂದು ಚಿತ್ರದ ಬೆಲೆ ನಿರ್ಧಾರವಾಗುವುದಿಲ್ಲ. 2008ರ ಆರ್ಥಿಕ ಕುಸಿತದ ನಂತರ ಇದೇ ದೊಡ್ಡ ಹೆಸರುಗಳ ಬೆಲೆ ಹೇಗೆ ಇಳಿಯಿತು ಎಂಬುದನ್ನು ಅವನು ಹೇಳುವುದಿಲ್ಲ. ಹರಾಜಿನಲ್ಲಿ ಕೂಗಿ ನಿಂತ ಬೆಲೆಯ ಮೇಲೆ ಕೊಳ್ಳುವವರು ಶೇ. 20ರಷ್ಟೋ ಇನ್ನೂ ಹೆಚ್ಚೋ ಪ್ರೀಮಿಯಂ ಕೊಡಬೇಕು, ಅದಕ್ಕೆ ತೆರಿಗೆ ಸೇರುತ್ತದೆ. ಮಾರುವಾಗ ಮತ್ತೆ ಕಮಿಷನ್. ಕೊಂಡ ಮರುದಿನವೇ ಮಾರಿದರೆ ದೊಡ್ಡ ಗಂಟೇ ಕರಗಿರುತ್ತದೆ. ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳು ಎಲ್ಲರಿಗೂ ನೋಡಲು ಸಿಗುತ್ತವೆ. ಅದೇ ದಶಕ, ಅದೇ ಅಳತೆ, ಅದೇ ಮಾಧ್ಯಮದ ರಾಮ್ ಕುಮಾರರ ಚಿತ್ರಗಳನ್ನಷ್ಟೇ ಹೆಕ್ಕಿ ಹೋಲಿಸು. ಕಾಗದದ ಮೇಲಿನ ಮಸಿಯ ಕೆಲಸ ಬೇರೆ, ಕ್ಯಾನ್ವಾಸು ಬೇರೆ. 1960ರ ದಶಕದ್ದು ಬೇರೆ, 1990ರದು ಬೇರೆ. ಆ ಬೆಲೆಗಳಿಗಿಂತ ನಿನಗೆ ಹೇಳಿದ ಬೆಲೆ ಬಹಳ ಕಡಿಮೆಯಿದ್ದರೆ ಅದೃಷ್ಟ ಎಂದುಕೊಳ್ಳಬೇಡ, ಇನ್ನಷ್ಟು ಎಚ್ಚರವಾಗು. ಹತ್ತು ವರ್ಷ ಬೆಲೆ ಏರದಿದ್ದರೂ ನೋಡುತ್ತ ಕೂರಲು ಮನಸ್ಸಿದೆಯೇ ಎಂದು ಇಬ್ಬರೂ ಕೇಳಿಕೊಳ್ಳಿ. ಇದೆ ಎಂದಾದರೆ ಮಾತ್ರ ಮುಂದಿನ ಮಾತು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಅರ್ಧ ನಗದು ಅರ್ಧ ಚೆಕ್ಕು ಎಂದವನ ಬಳಿ ವ್ಯವಹಾರವೇ ಬೇಡ. ಬಿಲ್ಲಿನಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ಇಸವಿ, ಮಾಧ್ಯಮ, ಅಳತೆ ಎಲ್ಲ ಇರಬೇಕು. ಅಸಲಿಯಲ್ಲ ಎಂದು ಮುಂದೆ ತಿಳಿದುಬಂದರೆ ಎಷ್ಟು ವರ್ಷದೊಳಗೆ, ಯಾರ ಅಭಿಪ್ರಾಯದ ಮೇಲೆ, ಪೂರ್ತಿ ಹಣ ವಾಪಸು ಎಂಬುದು ಬರಹದಲ್ಲಿ ಬರಬೇಕು. ಚಿತ್ರಗಳನ್ನು ಸ್ವಂತ ಬಳಕೆಯ ವಸ್ತು ಎಂದು ತೆರಿಗೆಯಿಂದ ಬಿಡುತ್ತಿದ್ದ ಕಾಲ ಹೋಗಿ ಬಹಳ ವರ್ಷವಾಯಿತು. ಮಾರಿದರೆ ಬಂದ ಲಾಭಕ್ಕೆ ತೆರಿಗೆ ಕಟ್ಟಬೇಕು, ಅದಕ್ಕಾದರೂ ಬಿಲ್ಲು ಜೋಪಾನ.

ಕೊಂಡ ಮೇಲೂ ಚಿತ್ರದ ಕಾಪಿರೈಟ್ ನಿನ್ನದಾಗುವುದಿಲ್ಲ, ಇದು ಬಹಳ ಜನಕ್ಕೆ ತಿಳಿಯದು. ಕಲಾವಿದರು ತೀರಿಕೊಂಡ ಮೇಲೆ ಅರವತ್ತು ವರ್ಷ ಅದು ವಾರಸುದಾರರಲ್ಲಿರುತ್ತದೆ, ರಾಮ್ ಕುಮಾರರ ವಿಷಯದಲ್ಲಿ 2078ರ ಕೊನೆಯವರೆಗೆ. ಗೋಡೆಗೆ ಹಾಕಿಕೊಳ್ಳಬಹುದು, ಮಾರಬಹುದು. ಅಳಿಯಂದಿರ ಕಂಪನಿಯ ಕ್ಯಾಲೆಂಡರಿಗೆ ಅಚ್ಚು ಹಾಕಿಸುವಂತಿಲ್ಲ. ಮುಂದೆ ಮಾರಿದಾಗ ಶೇ. 10 ಮೀರದಂತೆ ಒಂದು ಪಾಲು ಕೇಳುವ ಹಕ್ಕನ್ನೂ ನಮ್ಮ ಕಾಪಿರೈಟ್ ಕಾಯ್ದೆ ಕಲಾವಿದರಿಗೂ ವಾರಸುದಾರರಿಗೂ ಕೊಟ್ಟಿದೆ. ಅದು ನ್ಯಾಯವೇ. ನೂರಿನ್ನೂರಕ್ಕೆ ಮಾರಿದ ಚಿತ್ರ ಕೋಟಿ ಕಂಡಾಗ ಬರೆದವರ ಮನೆಗೆ ಏನೂ ಸಿಗದೆ ಹೋದ ಉದಾಹರಣೆಗಳು ಬೇಕಾದಷ್ಟಿವೆ.

ಮುಂದೆ ಅಮೆರಿಕಕ್ಕೆ ಹೋದರೆ ಒಯ್ಯಬಹುದೇ ಎಂದೂ ಕೇಳಿದ್ದೀಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಒಂಬತ್ತು ಕಲಾವಿದರ ಕೃತಿಗಳನ್ನು ದೇಶದ ಕಲಾನಿಧಿ ಎಂದು ಸಾರಲಾಗಿದೆ. ಅವನ್ನು ದೇಶದೊಳಗೆ ಕೊಳ್ಳಬಹುದು, ಮಾರಬಹುದು, ಹೊರಗೆ ಒಯ್ಯುವಂತಿಲ್ಲ. ರವಿವರ್ಮ, ಟ್ಯಾಗೋರ್ ಮನೆತನದ ಮೂವರು, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ನಿಕೋಲಾಸ್ ರೋರಿಕ್, ಮತ್ತೆ ರಾಮ್ ಕುಮಾರರ ಗುರು ಸೈಲೋಜ್ ಮುಖರ್ಜಿ. ಗುರುವಿನ ಚಿತ್ರ ಗಡಿ ದಾಟುವಂತಿಲ್ಲ, ಶಿಷ್ಯನದು ಈ ಪಟ್ಟಿಯಲ್ಲಿಲ್ಲ. ಆದರೂ ವಿಮಾನ ಹತ್ತುವ ಮುಂಚೆ ಕಸ್ಟಮ್ಸ್‌ನವರಿಗೆ ತೋರಿಸಬೇಕಾದ ಕಾಗದ ಏನೆಂದು ಆಗ ವಿಚಾರಿಸಿಕೊಳ್ಳಬೇಕು. ರೋರಿಕ್ ಎಂದಾಗ ನೆನಪಾಯಿತು: ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ, ಮಗ ಇಬ್ಬರು ರೋರಿಕ್‌ರ ಚಿತ್ರಗಳೂ ಇವೆ. ಆಧುನಿಕ ಕಾಲದವನೊಬ್ಬ ಹಿಮಾಲಯವನ್ನು ಬರೀ ಬಣ್ಣದ ಹಂತಗಳಲ್ಲಿ ಹೇಗೆ ಕಟ್ಟಿದ ಎಂದು ಅಲ್ಲಿ ನೋಡಿ, ಆಮೇಲೆ ರಾಮ್ ಕುಮಾರರ ಲಡಾಖನ್ನು ನೋಡಿದರೆ ಎಷ್ಟು ದೊಡ್ಡ ಹೊರಳು ಎಂದು ತಿಳಿಯುತ್ತದೆ.

ಚಿತ್ರ ಮನೆಗೆ ಬಂದರೆ ಎಲ್ಲಿ ಹಾಕುವುದು ಎಂಬುದನ್ನೂ ಈಗಲೇ ಯೋಚಿಸು. ನಿಮ್ಮ ಹಾಲಿನ ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಅಲ್ಲಿ ಬೇಡವೇ ಬೇಡ. ದೇವರಮನೆಯ ದೀಪದ ಹೊಗೆ, ಅಡುಗೆಮನೆಯ ಒಗ್ಗರಣೆಯ ಜಿಡ್ಡು ತಾಗುವ ಕಡೆಯೂ ಬೇಡ. ಬಿಸಿಲು ನೇರ ಬೀಳಬಾರದು. ಮ್ಯೂಸಿಯಂಗಳಲ್ಲಿ ಎಣ್ಣೆಚಿತ್ರಕ್ಕೆ ಸುಮಾರು 200 ಲಕ್ಸ್, ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ಬೆಳಕು ಎಂಬ ಲೆಕ್ಕವಿದೆ. ಹಾಗೆಂದರೆ ಕಾಗದದ ಕೆಲಸಗಳನ್ನು ಮಬ್ಬು ಬೆಳಕಿನ ಕೋಣೆಯಲ್ಲೇ ಇಡಬೇಕು. ಯಾರೋ ಈರುಳ್ಳಿ ಹೋಳಿನಿಂದಲೋ ಆಲೂಗಡ್ಡೆಯಿಂದಲೋ ಒರೆಸಿದರೆ ಚಿತ್ರ ಹೊಳೆಯುತ್ತದೆ ಎಂದು ಹೇಳಿಯಾರು, ಮನೆಗೆಲಸದವರು ಒದ್ದೆ ಬಟ್ಟೆ ಹಾಕಿಯಾರು. ಒಣ ಮೆತ್ತನೆ ಕುಂಚ ಬಿಟ್ಟು ಬೇರೇನನ್ನೂ ಮುಟ್ಟಿಸಬಾರದು.

ಈ ಚಿತ್ರ ಅಸಲಿಯಲ್ಲ ಎಂದಾದರೆ ನಿರಾಶೆ ಬೇಡ. ರಾಮ್ ಕುಮಾರರ ಕಾಗದದ ಮೇಲಿನ ಸಣ್ಣ ನಿಸರ್ಗಚಿತ್ರಗಳು ಒಳ್ಳೆಯ ಕಾಗದಪತ್ರದೊಂದಿಗೆ ಹರಾಜಿಗೆ ಬರುತ್ತಲೇ ಇರುತ್ತವೆ. ನಿಮ್ಮ ಬಜೆಟ್ಟಿಗೆ ಅವೇ ಹೆಚ್ಚು ಹೊಂದುತ್ತವೆ, ಒಂದೊಂದರಲ್ಲಿ ದೊಡ್ಡ ಕ್ಯಾನ್ವಾಸಿಗಿಂತ ಹೆಚ್ಚು ಉಸಿರಾಟವಿದೆ.

ಈಗ ಮಾಡಬೇಕಾದದ್ದು ಇಷ್ಟು. ಹಿಂಬದಿಯ ಫೋಟೊಗಳು, ಸ್ಥಿತಿಯ ವರದಿ, ಮೊದಲ ಖರೀದಿಯ ಕಾಗದ, ಈ ಮೂರನ್ನೂ ಇಮೇಲ್‌ನಲ್ಲೇ ಕೇಳು, ಫೋನಿನಲ್ಲಿ ಬೇಡ. ಉತ್ತರ ಬರುವವರೆಗೆ ಅರಮನೆ ರಸ್ತೆಗೆ ಹೋಗಿ ಬರುತ್ತಿರು. ಕಾಗದ ಬಂದರೆ ನನಗೆ ಕಳಿಸು, ಓದಿ ಹೇಳುತ್ತೇನೆ. ಎಲ್ಲ ಸರಿ ಕಂಡರೆ ಮೂವರೂ ದೆಹಲಿಗೆ ಹೊರಡೋಣ, ಮೊದಲು ಜೈಪುರ ಹೌಸ್, ಮಾರನೆಯ ದಿನ ಆ ಕುಟುಂಬದ ಮನೆ. ಭೂತಗನ್ನಡಿ ನಾನು ತರುತ್ತೇನೆ. ಅಲ್ಲಿಯವರೆಗೆ ಟೋಕನ್ ಅಂತಲೂ ಒಂದು ರೂಪಾಯಿ ಕೊಡಬೇಡಿ.

ನಿನ್ನ ದೊಡ್ಡಪ್ಪ